ಹಿಂದಿನ ಶಾಕ್ ಎಷ್ಟು ಓರೆಯಾಗಿರಬೇಕು?

ಪ್ರಶ್ನೆ: ನನ್ನ 1984ರ ಪ್ರೀಮಿಯರ್ ಪದ್ಮಿನಿಯ ಹಿಂಭಾಗವನ್ನು 40 ಮಿ.ಮೀ. ತಗ್ಗಿಸಿದಾಗ, ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿಯನ್ನು ಒಳಕ್ಕೆ ತಂದು 30 ಡಿಗ್ರಿ ಓರೆಯಾಗಿ ಕೂರಿಸಿದರು. ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂದಿದ್ದರು. ಚಾರ್ಮಾಡಿ ಘಾಟಿಯಲ್ಲಿ ನೋಡಿದರೆ ಹಿಂಭಾಗ ಮೊದಲಿಗಿಂತ ಹೆಚ್ಚು ತೂಗಾಡುತ್ತದೆ. ಗಟ್ಟಿ ಶಾಕ್ ಹಾಕಿಸಲೇ?
– ಚಿಕ್ಕಮಗಳೂರಿನ ಓದುಗರು

ಉತ್ತರ: ಗಟ್ಟಿ ಶಾಕ್ ಈಗಲೇ ಬೇಡ, ಮೊದಲು ಓರೆ ಕಡಿಮೆ ಮಾಡಿಸಿ. ಕಾರು ಎಷ್ಟು ವಾಲುತ್ತದೆ ಎಂಬುದು ಸ್ಪ್ರಿಂಗ್ ಮತ್ತು ಆ್ಯಂಟಿ-ರೋಲ್ ಬಾರ್‌ಗೆ (ವಾಲುವುದನ್ನು ತಡೆಯುವ ಸರಳಿಗೆ) ಬಿಟ್ಟ ವಿಷಯ. ಎಷ್ಟು ವೇಗವಾಗಿ ವಾಲುತ್ತದೆ, ವಾಲಿದ್ದು ಎಷ್ಟು ಬೇಗ ನಿಲ್ಲುತ್ತದೆ ಎಂಬುದಷ್ಟೇ ಶಾಕ್‌ನ ಕೆಲಸ.

ನೇರ ನಿಂತ ಶಾಕ್‌ನ ಹಿಡಿತ, ಅಂದರೆ ತೂಗಾಟವನ್ನು ತಡೆಯುವ ಬಲ, 100 ಎಂದಿಟ್ಟುಕೊಳ್ಳಿ. 15 ಡಿಗ್ರಿಗೆ ಅದು 93, 20ಕ್ಕೆ 88, 30ಕ್ಕೆ 75, 45ಕ್ಕೆ ಬರೀ 50. ಓರೆಯಾದಾಗ ಚಕ್ರ ಏರಿದಷ್ಟು ಪಿಸ್ಟನ್ ಓಡುವುದಿಲ್ಲ, ಹುಟ್ಟಿದ ಬಲವೂ ಪೂರ್ತಿ ಲಂಬವಾಗಿ ಸಿಗುವುದಿಲ್ಲ. ಹೀಗೆ ನಷ್ಟ ಎರಡು ಸಲ.

ಗುಂಡಿಗೆ ಬಿದ್ದಾಗ ಇನ್ನೂ ಕೆಡುತ್ತದೆ. ಎರಡು ಕಣ್ಣುಗಳ (ತುದಿಯ ಬೋಲ್ಟ್ ತೂತುಗಳ) ನಡುವೆ 350 ಮಿ.ಮೀ. ಇರುವ ಶಾಕ್ 30 ಡಿಗ್ರಿಯಲ್ಲಿದ್ದರೆ, ಆ್ಯಕ್ಸೆಲ್ 75 ಮಿ.ಮೀ. ಏರುವಷ್ಟರಲ್ಲಿ ಓರೆ 37 ಡಿಗ್ರಿ ದಾಟಿ ಹಿಡಿತ 63ಕ್ಕೆ ಇಳಿಯುತ್ತದೆ. ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಅದೇ 15 ಡಿಗ್ರಿಯಿಂದ ಹೊರಟರೆ 89 ಉಳಿದಿರುತ್ತದೆ.

ವಾಲುವ ಲೆಕ್ಕಕ್ಕೆ ಕೆಳತುದಿಗಳ ಅಂತರವೂ ಸೇರುತ್ತದೆ. ಚಕ್ರಗಳ ನಡುವೆ 1200, ಕೆಳತುದಿಗಳ ನಡುವೆ 900 ಮಿ.ಮೀ. ಇದ್ದರೆ, ವಾಲುವುದರ ವಿರುದ್ಧ ನೇರ ಶಾಕ್‌ನ ಹಿಡಿತವೂ ಸುಮಾರು 56 (ಚಕ್ರದ ಬಳಿಯೇ ನಿಂತಿದ್ದರೆ 100). 30 ಡಿಗ್ರಿಗೆ 42. ಕೆಲವರು ಕೆಳತುದಿಯನ್ನೇ ಒಳಕ್ಕೆ ಎಳೆದು ನೇರ ಮಾಡುತ್ತಾರೆ. ಅಂತರ 700ಕ್ಕೆ ಇಳಿದರೆ ಸಿಗುವುದು 34 ಮಾತ್ರ, ಅಂದರೆ ಈಗಿನದಕ್ಕಿಂತ ಕಡೆ! ಹಾಗಾಗಿ ಕೆಳತುದಿ ಇದ್ದಲ್ಲೇ ಇರಲಿ. ಮೇಲ್ತುದಿಯನ್ನು ಚಕ್ರದ ಗೂಡು ಬಿಡುವಷ್ಟು ಹೊರಕ್ಕೆ ತನ್ನಿ. 15 ಡಿಗ್ರಿ ಸಿಕ್ಕರೆ ಸಾಕು, 20ರವರೆಗೂ ನಡೆದೀತು.

ಅಳತೆಯನ್ನು ಜ್ಯಾಕ್ ಮೇಲೆ ತೆಗೆಯಬೇಡಿ. ಕಾರು ಚಕ್ರಗಳ ಮೇಲೆ, ಚಾಲಕನ ತೂಕದೊಂದಿಗೆ ನಿಂತಿರಲಿ. ಮೇಲಿನ ಬೋಲ್ಟಿನಿಂದ ಗಾರೆಯವರ ತೂಗುಗುಂಡು ಇಳಿಬಿಡಿ. ಬೋಲ್ಟುಗಳ ನಡುವಿನ ಎತ್ತರ 300 ಇದ್ದರೆ, ದಾರದಿಂದ ಕೆಳಗಿನ ಬೋಲ್ಟಿಗೆ 80 ಮಿ.ಮೀ. ಬಂದಾಗ ಸರಿಯಾಗಿ 15 ಡಿಗ್ರಿ.

ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ತೆಳು ತಗಡಿಗೆ ಬ್ರಾಕೆಟ್ ಬೆಸೆದರೆ ಸುತ್ತ ಬಿರುಕು ಖಂಡಿತ. ಮೇಲೂ ಕೆಳಗೂ 3 ಮಿ.ಮೀ. ಪ್ಲೇಟ್ ಕೊಟ್ಟು ತಗಡನ್ನು ನಡುವೆ ಹಿಡಿಯಿರಿ. ಬ್ರಾಕೆಟ್ 5 ಮಿ.ಮೀ. ಮೈಲ್ಡ್ ಸ್ಟೀಲ್‌ನದಾಗಿ, ಬೋಲ್ಟಿಗೆ ಎರಡೂ ಬದಿ ಆಸರೆ ಇರಲಿ. ಆ್ಯಕ್ಸೆಲ್ ಕೊಳವೆಗೆ ಬೆಸುಗೆ ಬೇಡವೇ ಬೇಡ. ಕೊಳವೆ ಸೊಟ್ಟಗಾದರೆ ಆಯಿಲ್ ಸೀಲ್ ಸೋರಲು ಶುರು.

ಬೋಲ್ಟು ಕಾರಿನ ಉದ್ದಕ್ಕೆ, ಹಿಂದೆ-ಮುಂದೆ ಮುಖ ಮಾಡಿರಬೇಕು. ಅಡ್ಡಲಾಗಿದ್ದರೆ ಓರೆಯ ಚಲನೆಯೆಲ್ಲ ರಬ್ಬರ್ ಬುಷ್ ತಿರುಚಿಯೇ ಆಗಬೇಕು. ಬುಷ್ ಹರಿಯುತ್ತದೆ, ರಾಡ್ ಬಾಗುತ್ತದೆ. ಬೋಲ್ಟನ್ನು ಕೊನೆಯ ಬಿಗಿ ಮಾಡುವುದೂ ಕಾರು ಚಕ್ರದ ಮೇಲೆ ಇಳಿದ ನಂತರವೇ.

ತಗ್ಗಿಸಿದ ಕಾರಿಗೆ ಹಳೆಯ ಉದ್ದದ ಶಾಕ್ ಹಾಕಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ರಾಡಿಗೆ ಒಂದು ಕೇಬಲ್ ಟೈ ಸುತ್ತಿ, ಹತ್ತು ಕಿಲೋಮೀಟರ್ ಹಾಳು ರಸ್ತೆಯಲ್ಲಿ ಓಡಿಸಿ. ಬಂಪ್ ರಬ್ಬರ್ (ಆ್ಯಕ್ಸೆಲ್ ಬಾಡಿಗೆ ಬಡಿಯದಂತೆ ತಡೆಯುವ ರಬ್ಬರ್) ಪೂರ್ತಿ ಅಮುಕಿದಾಗಲೂ ಶಾಕ್‌ನೊಳಗೆ 12ರಿಂದ 15 ಮಿ.ಮೀ. ಓಟ ಮಿಗಬೇಕು. ಟೈ ರಾಡಿನ ತುದಿಗೆ ಒತ್ತಿಕೊಂಡು ನಿಂತಿದ್ದರೆ ಶಾಕ್ ತಳ ಮುಟ್ಟಿದೆ ಎಂದರ್ಥ. ಗಿಡ್ಡ ಶಾಕ್ ತನ್ನಿ.