ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರಲ್ಲಿ ಮೂರೂಮುಕ್ಕಾಲು ಪುಟ ಯಾವ ಕಂಪ್ಯೂಟರ್ ಆಟ ಕೊಳ್ಳಬೇಕೆಂಬ ಚರ್ಚೆಗೆ ಹೋಗಿದೆ. ನನ್ನನ್ನು ಎರಡು ದಿನ ಕಾಡಿದ್ದು ಉಳಿದ ಕಾಲು ಪುಟ.

ಅವರ ಮನೆಯ ಸಂಗತಿ ಇಷ್ಟು. ಎಂಟು ವರ್ಷದ ಮಗ, ನಾಲ್ಕೂವರೆ ವರ್ಷದ ಮಗಳು. ಭಾನುವಾರ ಊಟವಾದ ಮೇಲೆ ಒಂದು ಗಂಟೆ ಹೊತ್ತು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಕೊಂಡು ಪತಿ ಮಕ್ಕಳೊಂದಿಗೆ ಆಡುತ್ತಾರೆ. ಈಗಿರುವ ಕಾರ್ ರೇಸಿನ ಆಟ ಎಲ್ಲರಿಗೂ ಬೇಸರ ತರಿಸಿದೆ. ಮಗನಿಗೆ ಇಟ್ಟಿಗೆ ಜೋಡಿಸಿ ಮನೆಮಠ ಕಟ್ಟುವ ಮೈನ್‌ಕ್ರಾಫ್ಟ್ ಬೇಕು, ತರಗತಿಯಲ್ಲಿ ಎಲ್ಲರ ಬಳಿಯೂ ಇದೆಯಂತೆ. ಪತಿಗೆ ಸಹೋದ್ಯೋಗಿಯೊಬ್ಬರು ‘ಇಟ್ ಟೇಕ್ಸ್ ಟೂ’ ಎಂಬ ಆಟವನ್ನು ಹೊಗಳಿದ್ದಾರೆ. ಅತ್ತೆಗೆ ಯಾವುದೂ ಬೇಡ. ಬೆಂಗಳೂರಿನಲ್ಲಿರುವ ಮೈದುನ, ಉಚಿತವಾಗಿ ಸಾವಿರ ಆಟ ಸಿಗುವಾಗ ದುಡ್ಡು ಕೊಟ್ಟು ಕೊಳ್ಳುವವರುಂಟೆ ಎನ್ನುತ್ತಾರೆ. ಇಷ್ಟೆಲ್ಲ ಆದ ಮೇಲೆ, ಸಹಿ ಹಾಕುವ ಮೊದಲು, ಪತ್ರ ಬರೆದ ತಾಯಿ ಹೀಗೆ ಸೇರಿಸಿದ್ದಾರೆ: ‘ಚಿಕ್ಕವಳ ಚಿಂತೆಯಿಲ್ಲ. ಕೀಬೋರ್ಡ್ ಅಪ್ಪನಿಗೆ, ಗೇಮ್‌ಪ್ಯಾಡ್ ಅಣ್ಣನಿಗೆ. ಅವಳ ಕೈಗೆ ಹಳೆಯ ಮೌಸ್ ಕೊಟ್ಟು, ಅದರ ತಂತಿಯನ್ನು ಟಿವಿ ಮೇಜಿನ ಬಟ್ಟೆಯ ಹಿಂದೆ ಸರಿಸಿಬಿಡುತ್ತೇವೆ. ಮೈದುನ ಹೇಳಿಕೊಟ್ಟ ಉಪಾಯ. ತಾನೂ ಆಡುತ್ತಿದ್ದೇನೆಂದು ನಂಬಿದ್ದಾಳೆ, ಪಾಪ. ಈಚೆಗೆ ಮಾತ್ರ ಪರದೆ ನೋಡುವುದನ್ನು ಬಿಟ್ಟು ಅಣ್ಣನ ಕೈಯನ್ನೇ ನೋಡುತ್ತಿರುತ್ತಾಳೆ.’

ಅಮ್ಮಾ, ಅವಳು ನಂಬಿದ್ದ ಕಾಲ ಮುಗಿಯಿತು. ಅಣ್ಣ ಗುಂಡಿ ಒತ್ತಿದರೆ ಕಾರು ತಿರುಗುತ್ತದೆ, ತಾನು ಒತ್ತಿದರೆ ಏನೂ ಆಗುವುದಿಲ್ಲ ಎಂಬುದನ್ನು ಗಮನಿಸಿದ ಮಗು, ಅವನ ಕೈಯಲ್ಲಿರುವುದಕ್ಕೂ ತನ್ನ ಕೈಯಲ್ಲಿರುವುದಕ್ಕೂ ಏನು ವ್ಯತ್ಯಾಸವೆಂದು ಪರೀಕ್ಷಿಸುತ್ತಿದೆ. ಇನ್ನು ಕೆಲವೇ ಭಾನುವಾರಗಳಲ್ಲಿ ಅವಳು ಆ ಮೇಜಿನ ಬಟ್ಟೆಯನ್ನು ಎತ್ತಿ ನೋಡುತ್ತಾಳೆ. ಅಲ್ಲಿ ನೇತಾಡುವ ತಂತಿ ಕಣ್ಣಿಗೆ ಬಿದ್ದಾಗ, ಮನೆಯಲ್ಲಿ ತನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲರಿಗೂ ಇದು ಗೊತ್ತಿತ್ತು ಎಂಬುದೂ ಅವಳಿಗೆ ಅದೇ ಗಳಿಗೆಯಲ್ಲಿ ತಿಳಿಯುತ್ತದೆ.

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನಾವು ಈಗ ಹೀಗಳೆಯಲು ಬಳಸುತ್ತೇವೆ. ಬೀದಿಯಾಟದಲ್ಲಿ ಅದೊಂದು ಉದಾರವಾದ ಏರ್ಪಾಡಾಗಿತ್ತು. ಹದಿಮೂರು ಮೊಮ್ಮಕ್ಕಳಿದ್ದ ಮನೆಯಲ್ಲಿ ನಾನು ಕಡೆಯ ಕೂಸು. ಮುಟ್ಟಾಟದಲ್ಲಿ ನಾನೂ ಓಡುತ್ತಿದ್ದೆ, ಬಿದ್ದರೆ ನನ್ನ ಮೊಣಕಾಲೇ ತರಚುತ್ತಿತ್ತು, ಸಿಕ್ಕಿಬಿದ್ದಾಗ ಮಾತ್ರ ಯಾರೂ ಔಟ್ ಎನ್ನುತ್ತಿರಲಿಲ್ಲ. ಚೌಕಾಬಾರದಲ್ಲಿ ಕಾಯಿ ನಡೆಸುವವಳು ಅಕ್ಕನಾದರೂ ಕವಡೆ ಹಾಕುವ ಕೈ ನನ್ನದು, ಎಂಟು ಬಿದ್ದರೆ ಕಾಯಿ ಎಂಟು ಮನೆ ಹೋಗಲೇಬೇಕಿತ್ತು. ನಿಮ್ಮ ಮಗಳನ್ನು ಲೆಕ್ಕದಿಂದ ಬಿಟ್ಟಿದ್ದರೆ ನಾನು ಪೆನ್ನು ಎತ್ತುತ್ತಿರಲಿಲ್ಲ. ಅವಳನ್ನು ಆಟದಿಂದಲೇ ಬಿಟ್ಟಿದ್ದೀರಿ.

ಇದಕ್ಕಾಗಿ ನಾನು ನಿಮ್ಮ ಪತಿಯನ್ನು ದೂರಲಾರೆ. ವಾರವಿಡೀ ದುಡಿದ ಮನುಷ್ಯ ಭಾನುವಾರದ ನಿದ್ದೆ ಬಿಟ್ಟು ಮಕ್ಕಳ ಜೊತೆ ಕೂರುವುದೇ ದೊಡ್ಡದು. ನಿಮ್ಮ ಮೈದುನನ ಬಗ್ಗೆ ನನಗೆ ಅಂಥ ದಾಕ್ಷಿಣ್ಯವಿಲ್ಲ. ಕೂಸಿಗೆ ಟೊಪ್ಪಿ ಹಾಕುವುದನ್ನು ಜಾಣತನವೆಂದು ಕಲಿಸಿಕೊಟ್ಟು, ಅವಳು ಗಂಭೀರವಾಗಿ ಮೌಸ್ ಹಿಡಿದು ಕುಳಿತಿದ್ದನ್ನು ವಿಡಿಯೊ ಮಾಡಿ ಬಂಧುಗಳ ವಾಟ್ಸ್‌ಆಪ್ ಗುಂಪಿಗೆ ಹಾಕಿ ಎಲ್ಲರನ್ನೂ ನಗಿಸಿದವರು ಅವರೇ ಎಂದು ನೀವೇ ಬರೆದಿದ್ದೀರಿ. ಅವರ ಇನ್ನೊಂದು ಸಲಹೆಯನ್ನೂ ಬದಿಗಿಡಿ. ಮಕ್ಕಳ ವಿಷಯದಲ್ಲಿ ‘ಉಚಿತ’ ಎಂಬ ಪದ ಕಂಡರೆ ಹುಷಾರಾಗಿರಿ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ: ಬಾಗಿಲಲ್ಲಿ ಟಿಕೆಟ್ ಕೇಳದ ಬಹುತೇಕ ಆಟಗಳು ಒಳಗೆ ಹೋದ ಮೇಲೆ ಜಾಹೀರಾತು ತೋರಿಸಿಯೋ, ನಾಣ್ಯ, ಪೆಟ್ಟಿಗೆ, ಹೊಸ ಅಂಗಿ ಮಾರಿಯೋ ವಸೂಲು ಮಾಡುತ್ತವೆ. ಸ್ವಯಂಸೇವಕರು ಕಟ್ಟಿದ ಮುಕ್ತ ತಂತ್ರಾಂಶಗಳ ಮಾತು ಬೇರೆ. ಚಿತ್ರ ಬರೆಯುವ ಟಕ್ಸ್ ಪೇಂಟ್ 2002ರಿಂದಲೂ ಇದೆ. ಎರಡರಿಂದ ಹತ್ತು ವರ್ಷದವರಿಗೆಂದು ರೂಪಿಸಿದ ಜಿಕಾಂಪ್ರಿಯಲ್ಲಿ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ, ಇಬ್ಬರು ಕುಳಿತು ಆಡಬಹುದಾದ, ನಮ್ಮ ಸಾಲುಮನೆಯೇ ಎನ್ನಬಹುದಾದ ಆಟವೂ ಅದರಲ್ಲಿದೆ. ಅತ್ತೆಯವರನ್ನು ಪಡಸಾಲೆಗೆ ಕರೆತರಲು ಅದೊಂದು ಸಾಕಾದೀತು.

ನೀವು ಕೇಳಿದ ಎರಡು ಆಟಗಳಲ್ಲಿ ‘ಇಟ್ ಟೇಕ್ಸ್ ಟೂ’ ಈ ಮಕ್ಕಳಿಗೆ ಬೇಡ. ಗೊಂಬೆಗಳ ಚಿತ್ರ ನೋಡಿ ಅದನ್ನು ಮಕ್ಕಳ ಆಟವೆಂದುಕೊಳ್ಳುವವರು ಬಹಳ. 2021ರಲ್ಲಿ ಬಂದ ಆ ಆಟದ ಕತೆ ವಿಚ್ಛೇದನಕ್ಕೆ ಹೊರಟ ಅಪ್ಪ ಅಮ್ಮನದು, ಯಾವ ಆಟ ಯಾವ ವಯಸ್ಸಿನವರಿಗೆ ಎಂದು ಹೇಳುವ ಯುರೋಪಿನ ಪೆಗಿ ಶ್ರೇಣಿಯಲ್ಲಿ ಅದಕ್ಕೆ ಕೊಟ್ಟಿರುವುದು 12. ಮೇಲಾಗಿ ಅದು ಇಬ್ಬರಿಗಷ್ಟೇ ಆಗುವ ಆಟ. ಅಪ್ಪ ಮಗ ಕುಳಿತರೆ ಮಗಳು ಮತ್ತೆ ಹೊರಗೆ. ಮೈನ್‌ಕ್ರಾಫ್ಟ್ ಬಗ್ಗೆ ನನಗೆ ಗೌರವವಿದೆ. ‘ಪೀಸ್‌ಫುಲ್’ ಮಟ್ಟದಲ್ಲಿಟ್ಟರೆ ರಾತ್ರಿಯ ದೆವ್ವಭೂತಗಳ ಕಾಟವಿಲ್ಲ, ‘ಕ್ರಿಯೇಟಿವ್’ ಬಗೆಯಲ್ಲಿ ಇಟ್ಟಿಗೆಗಳಿಗೆ ಕೊರತೆಯಿಲ್ಲ. ಆದರೆ ಕಂಪ್ಯೂಟರಿನಲ್ಲಿ ಅದು ಪರದೆಯನ್ನು ಇಬ್ಬರಿಗೆ ಹಂಚಿಕೊಡುವುದಿಲ್ಲ, ಒಂದೇ ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಒಬ್ಬರು ಕಟ್ಟುವಾಗ ಉಳಿದವರು ಪ್ರೇಕ್ಷಕರು. ಅದು ಮಗನ ಹುಟ್ಟುಹಬ್ಬಕ್ಕಿರಲಿ.

ಪೆಗಿಯ ಅಂಕಿ ಹೇಳುವುದು ಒಳಗೆ ರಕ್ತ, ಬೈಗುಳ, ಭಯದಂಥವು ಎಷ್ಟಿವೆ ಎಂಬುದನ್ನು, ಆಟ ಎಷ್ಟು ಕಷ್ಟ ಎಂಬುದನ್ನಲ್ಲ. ಡಬ್ಬಿಯ ಮೇಲೆ 3 ಎಂದು ಬರೆದಿದ್ದರೂ ನಾಲ್ಕೂವರೆಯ ಕೈಗೆ ಅದು ದಕ್ಕದಿರಬಹುದು. ಹಾಗಾಗಿ ನಾನು ಕೇಳುವುದು ಬೇರೆಯದೇ ಪ್ರಶ್ನೆ: ಮನೆಯ ಅತಿ ಚಿಕ್ಕ ಕೈ ಒಂದೇ ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ಏನಾದರೂ ಆಗುತ್ತದೆಯೇ, ಆ ಕೈ ತಪ್ಪಿದರೆ ಎಲ್ಲರ ಆಟ ಹಾಳಾಗುತ್ತದೆಯೇ? ಲೆಗೊ ಹೆಸರಿನ ಕಂಪ್ಯೂಟರ್ ಆಟಗಳಲ್ಲಿ ಬಿದ್ದವರು ಒಂದಿಷ್ಟು ನಾಣ್ಯ ಕಳೆದುಕೊಂಡು ಅಲ್ಲೇ ಎದ್ದು ನಿಲ್ಲುತ್ತಾರೆ, ನಡುವೆ ಸೇರಬಹುದು, ನಡುವೆ ಎದ್ದು ನೀರು ಕುಡಿಯಲೂ ಹೋಗಬಹುದು. ಆದರೆ ಅಣ್ಣ ತಂಗಿಗೆ ಹೊಡೆಯಲು ಆ ಆಟದೊಳಗೆ ಅವಕಾಶವಿದೆ, ಹೊಡೆದೂ ಹೊಡೆಯುತ್ತಾನೆ. 2013ರ ‘ರೇಮನ್ ಲೆಜೆಂಡ್ಸ್’ನಲ್ಲಿ ಸೋತವರು ಗುಳ್ಳೆಯಾಗಿ ತೇಲುತ್ತಾರೆ, ಜೊತೆಯವರು ಬಂದು ತಟ್ಟಿದರೆ ಮರಳುತ್ತಾರೆ, ನಾಲ್ವರು ಕೂಡಿ ಆಡಬಹುದು, ಆದರೆ ಓಟ ಜೋರು, ಇನ್ನೆರಡು ವರ್ಷ ತಡೆದು ತನ್ನಿ.

ಈಗ ಕೊಳ್ಳಬೇಕಾದದ್ದು ‘ಅನ್‌ಟೈಟಲ್ಡ್ ಗೂಸ್ ಗೇಮ್’. ಆಸ್ಟ್ರೇಲಿಯಾದ ಹೌಸ್ ಹೌಸ್ ಎಂಬ ಪುಟ್ಟ ತಂಡ 2019ರಲ್ಲಿ ಇದನ್ನು ತಂದಿತು, ಮರುವರ್ಷ ಸೆಪ್ಟೆಂಬರಿನಲ್ಲಿ ಎರಡನೆಯ ಹೆಬ್ಬಾತನ್ನೂ ಸೇರಿಸಿತು. ಇಂಗ್ಲೆಂಡಿನ ಹಳ್ಳಿಯಂಥ ಊರಿನಲ್ಲಿ ಹೆಬ್ಬಾತುಗಳು ಎಲ್ಲರಿಗೂ ಕೀಟಲೆ ಕೊಡುವುದೇ ಆಟ. ಕೂಗುವುದಕ್ಕೆ ಒಂದು ಗುಂಡಿ, ರೆಕ್ಕೆ ಬಡಿಯುವುದಕ್ಕೆ ಒಂದು ಗುಂಡಿ. ನಿಮ್ಮ ಮಗಳು ಬೇರೇನನ್ನೂ ಮಾಡದೆ ಒಂದು ಗಂಟೆ ಕೂಗುತ್ತಲೇ ಇದ್ದರೂ ಆ ಕೂಗು ದಂಡವಾಗುವುದಿಲ್ಲ, ಏಕೆಂದರೆ ಅವಳ ಕೂಗಿಗೆ ತೋಟದವನು ಬೆಚ್ಚಿ ಇತ್ತ ತಿರುಗಿದಾಗಲೇ ಅಣ್ಣನ ಹೆಬ್ಬಾತು ಅತ್ತ ಬೀಗದ ಕೈ ಲಪಟಾಯಿಸಬೇಕು. ಏನೇನು ತಂಟೆ ಮಾಡಬೇಕೆಂಬ ಪಟ್ಟಿ ಇಂಗ್ಲಿಷಿನಲ್ಲಿ ಬರುತ್ತದೆ. ಇದೂ ಇಬ್ಬರ ಆಟವೇ ಆದ್ದರಿಂದ ನಿಮ್ಮ ಪತಿ ಕೀಬೋರ್ಡ್ ಬಿಟ್ಟು ಆ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ವಹಿಸಿಕೊಳ್ಳಲಿ: ತೋಟದವನನ್ನು ಒದ್ದೆ ಮಾಡಿ, ಕುಂಟೆಯನ್ನು ಕೆರೆಗೆ ಹಾಕಿ. ಕದಿಯುವುದನ್ನು ಕಲಿಸುತ್ತದೆಂದು ಅತ್ತೆ ಆಕ್ಷೇಪಿಸಬಹುದು. ಬೆಣ್ಣೆ ಕದ್ದ ಕೃಷ್ಣನ ಕತೆ ಹೇಳಿ ಮೊಮ್ಮಕ್ಕಳನ್ನು ಮಲಗಿಸುವವರಿಗೆ ಅದನ್ನು ನೆನಪಿಸಿದರೆ ಸಾಕು. ಕಣ್ಣು ಕೆಡುತ್ತದೆಂಬ ಅವರ ಇನ್ನೊಂದು ಅಂಜಿಕೆಗೆ, ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಎರಡರಿಂದ ಐದು ವರ್ಷದವರಿಗೆ ಹಾಕಿದ ಮಿತಿ, ದೊಡ್ಡವರ ಕಣ್ಗಾವಲಿನಲ್ಲಿ ದಿನಕ್ಕೆ ಒಂದು ಗಂಟೆ. ನಿಮ್ಮದು ವಾರಕ್ಕೆ ಒಂದು. ಉಳಿದ ದಿನ ಫೋನನ್ನು ಅವಳ ಕೈಗೆ ಕೊಡದಿದ್ದರಾಯಿತು.

ಆದರೆ ಆಟ ಕೊಳ್ಳುವ ಮೊದಲು ಇನ್ನೊಂದು ಗೇಮ್‌ಪ್ಯಾಡ್ ಕೊಳ್ಳಿ. ನನ್ನ ಪತ್ರದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ಹಳೆಯ ಮೌಸಿನ ತಂತಿಯನ್ನೇ ಸಿಕ್ಕಿಸಿಕೊಟ್ಟರೆ ಸಾಲದು. ಲ್ಯಾಪ್‌ಟಾಪಿಗೆ ಎರಡು ಮೌಸ್ ಜೋಡಿಸಿದರೆ ಎರಡೂ ಒಂದೇ ಬಾಣವನ್ನು ಎಳೆದಾಡುತ್ತವೆ. ಕೀಬೋರ್ಡ್ ಕೊಟ್ಟರೆ ಅಷ್ಟೊಂದು ಗುಂಡಿಗಳ ನಡುವೆ ಪುಟ್ಟ ಬೆರಳು ದಾರಿ ತಪ್ಪುತ್ತದೆ. ಅಂಗಡಿಯವರು ತಂತಿಯಿಲ್ಲದ ಗೇಮ್‌ಪ್ಯಾಡನ್ನು ಹೊಗಳುತ್ತಾರೆ, ತೆಗೆದುಕೊಳ್ಳಬೇಡಿ, ತಂತಿಯಿರುವುದನ್ನೇ ಕೇಳಿ ತನ್ನಿ. ಆ ಮೌಸ್ ಇಷ್ಟು ದಿನ ಏಕೆ ಕೆಲಸ ಮಾಡಲಿಲ್ಲವೆಂದು ಅಪ್ಪನೇ ಅವಳಿಗೆ ಹೇಳಲಿ, ಬಟ್ಟೆ ಸರಿಸಿ ತೋರಿಸಲಿ. ಆಮೇಲೆ ಹೊಸ ತಂತಿಯ ತುದಿಯನ್ನು ಲ್ಯಾಪ್‌ಟಾಪಿಗೆ ಅವಳ ಕೈಯಲ್ಲೇ ಸಿಕ್ಕಿಸಿ.