ಒಂದೇ ಪರದೆಯೋ, ಹಲವು ಹಂತಗಳೋ?

ಪ್ರಶ್ನೆ: ನಾನು ಸಿದ್ಧಪಡಿಸುತ್ತಿರುವ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಹೊಸ ಗ್ರಾಹಕರನ್ನು ನೋಂದಾಯಿಸಲು ಸುಮಾರು 40 ವಿವರಗಳನ್ನು ತುಂಬಬೇಕು. ಇವೆಲ್ಲವನ್ನೂ ಒಂದೇ ಪರದೆಯಲ್ಲಿ ಇಡಬೇಕೇ, ಟ್ಯಾಬ್‌ಗಳಲ್ಲಿ ಹಂಚಬೇಕೇ ಅಥವಾ ‘ಹಿಂದೆ’, ‘ಮುಂದೆ’ ಬಟನ್‌ಗಳಿರುವ ವಿಝಾರ್ಡ್ (ಒಂದೊಂದೇ ಹಂತವಾಗಿ ವಿವರ ಕೇಳುತ್ತ ಸಾಗುವ ಪುಟಗಳ ಸರಣಿ) ರೂಪಿಸಬೇಕೇ?

ಉತ್ತರ: ವಿವರಗಳು ಎಷ್ಟಿವೆ ಎಂಬುದಕ್ಕಿಂತ, ಅವನ್ನು ತುಂಬುವವರು ಯಾರು ಮತ್ತು ಎಷ್ಟು ಬಾರಿ ತುಂಬುತ್ತಾರೆ ಎಂಬುದೇ ಇಲ್ಲಿ ಮುಖ್ಯ. ಮೈಕ್ರೋಸಾಫ್ಟ್ ಸಂಸ್ಥೆಯು 1991ರಲ್ಲಿ ತನ್ನ ಪಬ್ಲಿಷರ್ ತಂತ್ರಾಂಶದೊಡನೆ ಬಳಕೆಗೆ ತಂದ ವಿಝಾರ್ಡ್ ಪದ್ಧತಿಯು, ಅಪರೂಪಕ್ಕೊಮ್ಮೆ ಮಾಡುವ ಅಪರಿಚಿತ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ದಿನವಿಡೀ ನೋಂದಣಿ ಮಾಡುವ ಸಿಬ್ಬಂದಿಗೆ ಮಾತ್ರ ಅದು ಅಡ್ಡಿಯೇ ಸರಿ. ಅವರಿಗೆ ಮೌಸ್ ಮುಟ್ಟದೆ, ಕಾಗದದ ನಮೂನೆಯ ಕ್ರಮದಲ್ಲೇ ಟ್ಯಾಬ್ ಕೀಲಿ ಒತ್ತುತ್ತ ಸಾಗಬಹುದಾದ ಒಂದೇ ಪರದೆ ಬೇಕು. ಅದು ಎಷ್ಟೇ ದಟ್ಟವಾಗಿ ಕಂಡರೂ ಚಿಂತೆಯಿಲ್ಲ. ಟ್ಯಾಬ್‌ಗಳಾದರೋ, ಈಗಾಗಲೇ ಉಳಿಸಿರುವ ದಾಖಲೆಯನ್ನು ತೆರೆದು ತಿದ್ದಲು ಅನುಕೂಲ. ಹೊಸ ದಾಖಲೆಗೆ ಅವು ತಕ್ಕುದಲ್ಲ, ಏಕೆಂದರೆ ತೆರೆಯದೇ ಉಳಿದ ಟ್ಯಾಬ್‌ನಲ್ಲಿ ಕಡ್ಡಾಯ ವಿವರವೊಂದು ಖಾಲಿ ಉಳಿದಿರುವುದು ಕೊನೆಯಲ್ಲಿ ಉಳಿಸಲು ಹೋದಾಗಲೇ ತಿಳಿಯುತ್ತದೆ.

ವಿಝಾರ್ಡ್ ಅನ್ನೇ ಆರಿಸಿದರೆ, ನಿಮ್ಮ ಹೆಚ್ಚಿನ ಶ್ರಮ ‘ಹಿಂದೆ’ ಬಟನ್‌ಗೆ ಮೀಸಲಿರಲಿ. ತುಂಬಿದ ವಿವರಗಳನ್ನು ಆಯಾ ಪುಟದ ಪೆಟ್ಟಿಗೆಗಳಲ್ಲಷ್ಟೇ ಬಿಡದೆ, ಪುಟಗಳಿಂದ ಪ್ರತ್ಯೇಕವಾದ ಒಂದು ಕರಡು ದಾಖಲೆಯಲ್ಲಿ ಇಟ್ಟುಕೊಂಡರೆ, ಬಳಕೆದಾರರು ಎಷ್ಟು ಸಲ ಹಿಂದೆ ಮುಂದೆ ಓಡಾಡಿದರೂ ಯಾವುದೂ ಕಳೆದುಹೋಗುವುದಿಲ್ಲ. ಮೊದಲ ಹಂತದಲ್ಲಿ ‘ವ್ಯಕ್ತಿ’ ಎಂದು ಆರಿಸಿದವರು ನಾಲ್ಕನೆಯ ಹಂತದಿಂದ ಮರಳಿ ಬಂದು ‘ಸಂಸ್ಥೆ’ ಎಂದು ಬದಲಿಸಿದರೆ ಜನ್ಮದಿನಾಂಕದಂತಹ ವಿವರಗಳು ಅನಗತ್ಯವಾಗುತ್ತವೆ. ಅವನ್ನು ಕೂಡಲೇ ಅಳಿಸಬೇಡಿ, ಏಕೆಂದರೆ ಅವರು ಮತ್ತೆ ಮನಸ್ಸು ಬದಲಿಸಬಹುದು. ಅಂತಿಮವಾಗಿ ಉಳಿಸುವಾಗ ಕೈಬಿಟ್ಟರೆ ಸಾಕು. ಡೇಟಾಬೇಸ್‌ಗೆ ಬರೆಯುವುದೂ ಕೊನೆಯ ಹಂತದಲ್ಲಿ, ಒಂದೇ ವ್ಯವಹಾರವಾಗಿ, ಅಂದರೆ ಬರೆದರೆ ಎಲ್ಲವನ್ನೂ ಒಟ್ಟಿಗೆ, ಇಲ್ಲದಿದ್ದರೆ ಏನನ್ನೂ ಬರೆಯದಂತೆ ನಡೆಯಬೇಕು. ಹಂತಹಂತಕ್ಕೂ ಬರೆಯುತ್ತ ಹೋದರೆ, ‘ರದ್ದುಮಾಡಿ’ ಎಂದು ಹೊರನಡೆದವರ ಅರೆಬರೆ ದಾಖಲೆಗಳು ಉಳಿದುಬಿಡುತ್ತವೆ. ಆ ಕೊನೆಯ ಬಟನ್‌ನ ಮೇಲೆ ‘ಸರಿ’ ಎನ್ನುವ ಬದಲು ‘ಗ್ರಾಹಕರನ್ನು ನೋಂದಾಯಿಸಿ’ ಎಂದೇ ಬರೆಯಿರಿ. ಏನನ್ನೂ ಹೇಳದ ‘ಸರಿ’ ಎಲ್ಲೆಡೆ ಹೇಗೆ ಬೇರೂರಿತೋ ನನಗಂತೂ ಅರ್ಥವಾಗಿಲ್ಲ.

ಪ್ರಶ್ನೆ: ಕಡ್ಡಾಯ ವಿವರಗಳು ಭರ್ತಿಯಾಗುವವರೆಗೂ ‘ಮುಂದೆ’ ಬಟನ್ ಅನ್ನು ನಿಷ್ಕ್ರಿಯವಾಗಿ ಇಡುವುದು ಸರಿಯೇ?

ಉತ್ತರ: ಒಂದೆರಡು ಪೆಟ್ಟಿಗೆಗಳಿರುವ ಪುಟದಲ್ಲಿ ತೊಂದರೆಯಿಲ್ಲ. ಹೆಚ್ಚಿದ್ದರೆ ಬೇಡ. ಮಂಕಾದ ಬಟನ್ ತಾನೇಕೆ ಮಂಕಾಗಿದ್ದೇನೆಂದು ಹೇಳುವುದಿಲ್ಲ. ಸಾಮಾನ್ಯವಾಗಿ ಟ್ಯಾಬ್ ಕೀಲಿಯೂ ಅದನ್ನು ದಾಟಿಯೇ ಹೋಗುವುದರಿಂದ, ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿದ ದೃಷ್ಟಿಹೀನರಿಗೆ ಅಂಥ ಬಟನ್ ಇರುವುದೇ ತಿಳಿಯದಿರಬಹುದು. ಒತ್ತಲು ಬಿಡಿ, ಬಳಿಕ ದೋಷವಿರುವ ಮೊದಲ ಪೆಟ್ಟಿಗೆಗೆ ಕರ್ಸರ್ ಒಯ್ದು, ಏನು ಬೇಕೆಂಬುದನ್ನು ಅದರ ಪಕ್ಕದಲ್ಲೇ ತಿಳಿಸಿ.