ಭೂತಾನ್ ನಿರಾಶ್ರಿತರು ತಮ್ಮ ಊರಿಗೆ ಮರಳದೆ ಅಮೆರಿಕ ಸೇರಿದ್ದು ಯಾಕೆ?

ನೇಪಾಳ ಮತ್ತು ಭೂತಾನ್ ಹತ್ತು ವರ್ಷ ಮಾತುಕತೆ ನಡೆಸಿದರೂ 'ಇವರು ಯಾವ ದೇಶದವರು' ಎನ್ನುವುದೇ ಬಗೆಹರಿಯಲಿಲ್ಲ, ಅದಕ್ಕೆ.

ಇವರು ದಕ್ಷಿಣ ಭೂತಾನಿನ ನೇಪಾಳಿ ಮಾತಿನ ಜನ, ಹೆಚ್ಚಿನವರು ರೈತರು. 1988ರ ಗಣತಿಯಲ್ಲಿ ಭೂತಾನಿನ ಪೌರರು ಎನಿಸಿಕೊಳ್ಳಲು, 1958ರಲ್ಲೂ ತಾವು ಅಲ್ಲೇ ಇದ್ದೆವು ಎಂದು ತೋರಿಸಬೇಕಾಯಿತು. ಮೂವತ್ತು ವರ್ಷ ಹಳೆಯ ಕಂದಾಯದ ರಸೀದಿಯನ್ನು ಎಷ್ಟು ಮನೆಯವರು ಜೋಪಾನವಾಗಿ ಇಟ್ಟಿರುತ್ತಾರೆ? 1990ರ ದಶಕದ ಆರಂಭದಲ್ಲಿ ಲಕ್ಷದ ಹತ್ತಿರ ಜನ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ನಿರಾಶ್ರಿತರ ಶಿಬಿರಗಳಲ್ಲಿ ಬಿದಿರಿನ ಗುಡಿಸಲು ಸೇರಿದರು.

ಮಾತುಕತೆ ಕೆಟ್ಟಿದ್ದು ವಿಂಗಡಣೆಯಲ್ಲಿ. ಎರಡೂ ದೇಶಗಳು ಇವರನ್ನು ನಾಲ್ಕು ಗುಂಪು ಮಾಡಲು ಒಪ್ಪಿದ್ದವು. 2003ರಲ್ಲಿ ಆ ಶಿಬಿರಗಳಲ್ಲೊಂದಾದ ಖುದುನಾಬಾರಿಯ ಪಟ್ಟಿ ಬಂತು. ಅದರಲ್ಲಿ 'ಬಲವಂತವಾಗಿ ಹೊರದಬ್ಬಿಸಿಕೊಂಡವರು' ಶೇ. 3ಕ್ಕಿಂತ ಕಡಿಮೆ. ಸುಮಾರು ಶೇ. 70 ಜನ 'ತಾವಾಗಿಯೇ ದೇಶ ಬಿಟ್ಟವರು'! ಹಾಗೆ ಬಿಟ್ಟವರ ಪೌರತ್ವ ಹೋಯಿತು ಎನ್ನುವುದು ಭೂತಾನಿನ ವಾದ. ಒಂದು ಪದವೇ ಬಾಗಿಲು ಮುಚ್ಚಿಬಿಟ್ಟಿತು. ಅಡಿಕೆ, ಏಲಕ್ಕಿ ತೋಟ ಬಿಟ್ಟು ಯಾರಾದ್ರೂ ಸುಮ್ನೆ ಗುಡಿಸಲಿಗೆ ಹೋಗ್ತಾರಾ?

2006ರಲ್ಲಿ ಅಮೆರಿಕ 60,000 ಜನರನ್ನು ಕರೆಸಿಕೊಳ್ಳಲು ಮುಂದೆ ಬಂತು. ಆಮೇಲೆ ಎಂಟು ದೇಶಗಳು ಸೇರಿ ಲಕ್ಷಕ್ಕೂ ಜಾಸ್ತಿ ಜನರಿಗೆ ನೆಲೆ ಕೊಟ್ಟವು. ಸತ್ತರೆ ನಮ್ಮೂರಲ್ಲೇ ಎಂದ ಹಿರಿಯರೂ ಸೇರಿ ಕೆಲವು ಸಾವಿರ ಮಂದಿ ಶಿಬಿರದಲ್ಲೇ ಉಳಿದರು.